ಮಗುವಿನ ಹಲ್ಲುನೋವು ಮತ್ತು ನಮ್ಮ ಮರ್ಯಾದೆ

ಸ್ಮರಣ ಸಂಚಿಕೆಯ ಪುಟಗಳಲ್ಲಿ ಸಾಮಾನ್ಯವಾಗಿ ತಾಯ್ನಾಡಿನ ನೆನಪುಗಳು, ನುಡಿಯ ಹಿರಿಮೆ, ಮಕ್ಕಳಿಗೆ ಕನ್ನಡ ಕಲಿಸುವ ಬಗೆ ಮೊದಲಾದ ವಿಷಯಗಳು ಕಾಣಿಸಿಕೊಳ್ಳುತ್ತವೆ. ಅವು ಇರಬೇಕಾದವುಗಳೇ. ಆದರೆ ಎರಡು ವರ್ಷಕ್ಕೊಮ್ಮೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ನಾವು, ಸಂಭ್ರಮದ ನಡುವೆ ಒಂದು ಗಳಿಗೆ ಬಿಡುವು ಮಾಡಿಕೊಂಡು, ಕೊಂಚ ಮುಜುಗರ ತರುವ ಸಂಗತಿಯೊಂದನ್ನೂ ಮಾತನಾಡಬೇಕೆಂಬುದು ನನ್ನ ಕೋರಿಕೆ. ಆ ಸಂಗತಿ, ನಮ್ಮೊಳಗೇ ಇರುವ ಕಡಿಮೆ ವರಮಾನದ ಕುಟುಂಬಗಳ ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ್ದು. ಪ್ರತಿನಿಧಿ ಮಹಾಶಯರು ಸಹನೆಯಿಂದ ಓದುವರೆಂದು ನಂಬಿದ್ದೇನೆ.

ಟೊರಾಂಟೊ ನಗರದ ವಾಯವ್ಯಕ್ಕೆ, ಹಂಬರ್ ನದಿಯ ಮಗ್ಗುಲಿನ ವುಡ್‌ಬ್ರಿಡ್ಜ್ ಎಂಬ ಊರಿನಲ್ಲಿ ನಾನು ನೆಲೆಸಿ ಬಹುಕಾಲವಾಯಿತು. ಈಚಿನ ಒಂದು ಯುಗಾದಿಯಂದು ಇಲ್ಲಿಯ ಕೆಲವು ಕನ್ನಡ ಕುಟುಂಬಗಳು ಸೇರಿ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣವೊಂದರಲ್ಲಿ ಹಬ್ಬದೂಟ ಏರ್ಪಡಿಸಿದ್ದೆವು. ಬಡಿಸುತ್ತಿದ್ದ ನನಗೆ, ಏಳು ವರ್ಷದ ಹುಡುಗಿಯೊಬ್ಬಳು ಕೆನ್ನೆಗೆ ಕೈಯೊತ್ತಿ ಕುಳಿತಿದ್ದುದು ಕಂಡಿತು. ಹೋಳಿಗೆಯನ್ನು ಅವಳು ಮುಟ್ಟಿರಲಿಲ್ಲ. "ಬೇವು ತಿಂದ ಬಾಯಿಗೆ ಬೆಲ್ಲವೂ ಬೇಡವಾಯಿತೇನಮ್ಮಾ?" ಎಂದು ನಗೆಯಾಡಿದೆ. ಮಗು ತಲೆಯೆತ್ತಲಿಲ್ಲ. ಪಕ್ಕದಲ್ಲಿದ್ದ ತಾಯಿ ದನಿ ತಗ್ಗಿಸಿ, "ಹಲ್ಲು ನೋಯ್ತದರಿ, ಸಿಹಿ ತಾಗಿದ್ರ ಅಳ್ತಾಳ" ಎಂದರು. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿಯಿತು. ದೀಪಾವಳಿಯಿಂದ ಎಂದು ಆಮೇಲೆ ಹೇಳಿದರು.

ದೀಪಾವಳಿಯಿಂದ ಯುಗಾದಿಯವರೆಗೆ, ಸುಮಾರು ಐದು ತಿಂಗಳ ಕಾಲ, ಒಂದು ಮಗು ನೋವು ತಿಂದಿತ್ತು. ತಂದೆತಾಯಿಗಳು ಕಲ್ಲೆದೆಯವರಲ್ಲ, ಓದುಬರಹ ಬಲ್ಲವರು. ತಂದೆ ಊರಿನಲ್ಲಿ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದವರು. ಇಲ್ಲಿ ಏಜೆನ್ಸಿಯೊಂದರ ಮೂಲಕ ಉಗ್ರಾಣದಲ್ಲಿ ರಾತ್ರಿಪಾಳಿಯಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ವಾಸ ಒಂದು ಮನೆಯ ಬೇಸ್‌ಮೆಂಟಿನಲ್ಲಿ. ದಂತವೈದ್ಯರೊಬ್ಬರು ಒಂದು ಹಲ್ಲು ಕೀಳಬೇಕು, ಎರಡಕ್ಕೆ ಸಿಮೆಂಟು ತುಂಬಬೇಕು ಎಂದು ಹೇಳಿದ್ದ ಮೊತ್ತ ಅವರ ಎರಡು ವಾರದ ಸಂಪಾದನೆಯನ್ನು ಮೀರಿತ್ತು. ಶಾಲೆಗೆ ಬಂದಿದ್ದ ಸಾರ್ವಜನಿಕ ಆರೋಗ್ಯ ಇಲಾಖೆಯ ದಂತ ತಪಾಸಕರು ಮಗುವಿಗೆ ತುರ್ತು ಚಿಕಿತ್ಸೆ ಬೇಕೆಂದು ಬರೆದು ಕಳಿಸಿದ್ದ ಚೀಟಿ, ಮನೆಯಲ್ಲಿ ದೇವರ ಪಟದ ಕೆಳಗೆ ಮಡಿಸಿಟ್ಟ ಹಾಗೆಯೇ ಇತ್ತು. ಸರ್ಕಾರದ ಯೋಜನೆಯೊಂದಿದೆ, ಅರ್ಜಿ ಹಾಕೋಣ ಎಂದು ನಾನು ಹೇಳಿದಾಗ ಆ ತಂದೆ ಕೊಟ್ಟ ಉತ್ತರ ಇಂದಿಗೂ ಕಿವಿಯಲ್ಲಿದೆ: "ನಾವು ಸರ್ಕಾರದ ಮುಂದ ಕೈ ಒಡ್ಡೋ ಮಂದಿ ಅಲ್ರಿ ಸರ."

ಈ ಪ್ರಸಂಗವನ್ನು ಆ ದಂಪತಿಗಳ ಒಪ್ಪಿಗೆ ಪಡೆದೇ, ಗುರುತು ಹತ್ತದ ಹಾಗೆ ಬರೆದಿದ್ದೇನೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ನನ್ನ ದೂರು ನಮ್ಮೆಲ್ಲರ ಮೇಲೆ. ಮಕ್ಕಳಿಗಾಗಿ ಇರುವ ಸಾರ್ವಜನಿಕ ಆರೋಗ್ಯ ವಿಮೆಯನ್ನು ಭಿಕ್ಷೆಯೆಂದು ಭಾವಿಸುವ ಮನೋಭಾವವನ್ನು ನಮ್ಮ ಸಮುದಾಯವೇ ಬೆಳೆಸಿದೆ. ಅದನ್ನು ತಿದ್ದುವ ಹೊಣೆಯೂ ನಮ್ಮ ಸಂಘಗಳ ಮೇಲಿದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ನಮ್ಮಲ್ಲಿ ಬಡವರಿದ್ದಾರೆಯೇ?

ಉತ್ತರ ಅಮೆರಿಕದ ಕನ್ನಡಿಗರು ತಮ್ಮ ಬಗ್ಗೆ ತಾವೇ ಬರೆದುಕೊಂಡಿರುವ ಚಿತ್ರವೊಂದಿದೆ. ಅದರಲ್ಲಿ ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಈಚಿನ ದಶಕಗಳಲ್ಲಿ ಗಣಕತಜ್ಞರಿದ್ದಾರೆ. ಚಿತ್ರ ಸುಳ್ಳಲ್ಲ. ಅಮೆರಿಕ 1965ರಲ್ಲಿ, ಕೆನಡಾ 1967ರಲ್ಲಿ ವಲಸೆಯ ನಿಯಮಗಳನ್ನು ಬದಲಿಸಿ ವಿದ್ಯಾರ್ಹತೆ, ಕೌಶಲಗಳಿಗೆ ಬಾಗಿಲು ತೆರೆದ ಮೇಲೆ ಬಂದ ಮೊದಲ ತಲೆಮಾರಿನವರಲ್ಲಿ ಹೆಚ್ಚಿನವರು ಆ ಬಗೆಯವರೇ. ಅವರಿಗೆ ಉದ್ಯೋಗದ ಜೊತೆಗೇ ಹಲ್ಲು, ಕಣ್ಣು, ಔಷಧಿಗಳ ಖಾಸಗಿ ವಿಮೆಯೂ ದೊರೆಯುತ್ತಿತ್ತು. ಆದ್ದರಿಂದ ಈ ವಿಷಯದ ಬಗ್ಗೆ ಯೋಚಿಸುವ ಅಗತ್ಯವೇ ಅವರಿಗೆ ಬೀಳಲಿಲ್ಲ.

ಆದರೆ ಇಂದಿನ ವುಡ್‌ಬ್ರಿಡ್ಜ್‌ನಲ್ಲಿ ಒಂದು ಸುತ್ತು ಹಾಕಿ ಬಂದರೆ ಬೇರೊಂದು ಚಿತ್ರವೂ ಕಾಣುತ್ತದೆ. 7ನೆಯ, 27ನೆಯ, 400ನೆಯ ಹೆದ್ದಾರಿಗಳ ಆಸುಪಾಸಿನಲ್ಲಿ ಉಗ್ರಾಣಗಳೂ ಸರಕು ಸಾಗಣೆಯ ಅಂಗಳಗಳೂ ಹರಡಿಕೊಂಡಿವೆ. 2017ರ ಡಿಸೆಂಬರಿನಲ್ಲಿ ಸುರಂಗ ರೈಲು ವಾನ್‌ವರೆಗೆ ಬಂದ ಮೇಲೆ ಬಾಡಿಗೆಗಳೂ ಏರಿದವು. ವಿದ್ಯಾರ್ಥಿಯಾಗಿ ಬಂದು ಕೆಲಸ ಹುಡುಕುತ್ತಿರುವವರು, ಊರಿನ ಪದವಿಗೆ ಇಲ್ಲಿ ಮಾನ್ಯತೆ ದೊರೆಯದೆ ಸಿಕ್ಕ ಕೆಲಸಕ್ಕೆ ಹೋಗುವವರು, ಗಂಟೆಯ ಲೆಕ್ಕದಲ್ಲಿ ದುಡಿದು ಯಾವ ಖಾಸಗಿ ವಿಮೆಯೂ ಇಲ್ಲದವರು, ಪತಿಯನ್ನಗಲಿ ಮಕ್ಕಳನ್ನು ಒಬ್ಬಂಟಿಯಾಗಿ ಸಾಕುತ್ತಿರುವ ತಾಯಂದಿರು, ಇವರೂ ಕನ್ನಡಿಗರೇ. ನಮ್ಮ ಸಮಾರಂಭಗಳಲ್ಲಿ ಇವರು ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ; ಟಿಕೆಟಿನ ದರ ಹೆಚ್ಚಾದಾಗ ಬರುವುದನ್ನೇ ನಿಲ್ಲಿಸುತ್ತಾರೆ. ಬಾರದವರನ್ನು ನಾವು ಎಣಿಸುವುದಿಲ್ಲ. ಆದ್ದರಿಂದಲೇ ನಮ್ಮಲ್ಲಿ ಬಡವರಿಲ್ಲವೆಂಬ ಭ್ರಮೆ ಉಳಿದುಕೊಂಡಿದೆ.

ಒಬ್ಬ ವಲಸಿಗ ಬಾಲಕನ ಕಾಲು

ಕೆನಡಾದ ಸಾರ್ವಜನಿಕ ಆರೋಗ್ಯ ವಿಮೆಯ ಪಿತಾಮಹನೆಂದು ಹೆಸರಾದವರು ಟಾಮಿ ಡಗ್ಲಸ್. 1904ರಲ್ಲಿ ಸ್ಕಾಟ್‌ಲೆಂಡಿನ ಫಾಲ್ಕರ್ಕ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ವಿನಿಪೆಗ್‌ಗೆ ವಲಸೆ ಬಂದವರು. ಮೊಣಕಾಲಿನ ಮೂಳೆಗೆ ಸೋಂಕು ತಗುಲಿ, ಹಣವಿಲ್ಲದ ಆ ಕುಟುಂಬದ ಬಾಲಕನ ಕಾಲನ್ನೇ ಕತ್ತರಿಸಬೇಕಾದ ಹಂತ ಬಂದಿತ್ತು. ಅಷ್ಟರಲ್ಲಿ ಹೆಸರಾಂತ ಶಸ್ತ್ರವೈದ್ಯರೊಬ್ಬರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಉಚಿತವಾಗಿ ಚಿಕಿತ್ಸೆ ಮಾಡುವೆನೆಂದರು. ಕಾಲು ಉಳಿಯಿತು. ಡಗ್ಲಸ್ ಆ ವೈದ್ಯರನ್ನು ಜೀವಮಾನವಿಡೀ ಕೃತಜ್ಞತೆಯಿಂದ ನೆನೆದರು. ಆದರೆ ಆ ಘಟನೆಯಿಂದ ಅವರು ಕಲಿತ ಪಾಠ ಬೇರೆ: ಒಬ್ಬ ಹುಡುಗನ ಕಾಲು ಉಳಿಯುವುದು ಯಾರೋ ಪುಣ್ಯಾತ್ಮರ ಕಣ್ಣಿಗೆ ಬೀಳುವ ಅದೃಷ್ಟವನ್ನು ಅವಲಂಬಿಸಿರಬಾರದು.

ಅವರು ಸಸ್ಕಾಚೆವಾನ್ ಪ್ರಾಂತದ ಪ್ರೀಮಿಯರ್ ಆಗಿದ್ದಾಗ 1947ರಲ್ಲಿ ಆಸ್ಪತ್ರೆಯ ವಿಮೆ ಜಾರಿಗೆ ಬಂತು. ಅವರು ಅಡಿಪಾಯ ಹಾಕಿದ ವೈದ್ಯಕೀಯ ವಿಮೆ, ವೈದ್ಯರ 23 ದಿನಗಳ ಮುಷ್ಕರವನ್ನು ಎದುರಿಸಿ, 1962ರಲ್ಲಿ ನೆಲೆನಿಂತಿತು. 1966ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯಾಯಿತು. 1984ರ ಕೆನಡಾ ಆರೋಗ್ಯ ಕಾಯಿದೆ ಅದನ್ನು ಇನ್ನಷ್ಟು ಭದ್ರಗೊಳಿಸಿತು. ನಾವು ಇಂದು ಓಹಿಪ್ ಎಂದು ಕರೆಯುವ ಒಂಟಾರಿಯೊದ ಹೆಲ್ತ್ ಕಾರ್ಡು ಈ ಪರಂಪರೆಯ ಫಲ. ಆಸ್ಪತ್ರೆ ಹಾಗೂ ವೈದ್ಯರ ಮಟ್ಟಿಗೆ ಬಡವನ ಮಗುವಿಗೂ ಸಿರಿವಂತನ ಮಗುವಿಗೂ ಅದು ಭೇದ ಮಾಡುವುದಿಲ್ಲ.

ಈ ಕಾರ್ಡಿನ ಬೆಲೆ ನನಗೆ ಅನುಭವದಿಂದ ತಿಳಿದದ್ದು. ನಾವು 1996ರ ಚಳಿಗಾಲದಲ್ಲಿ ಇಲ್ಲಿಗೆ ಬಂದಿಳಿದಾಗ, ಹೊಸಬರಿಗೆ ಓಹಿಪ್ ದೊರೆಯಲು ಮೂರು ತಿಂಗಳು ಕಾಯಬೇಕಾಗಿತ್ತು. 1994ರಲ್ಲಿ ಬಂದ ಆ ನಿಯಮವನ್ನು 2020ರ ಮಾರ್ಚ್‌ನಲ್ಲಿ, ಕೋವಿಡ್ ಮಹಾಮಾರಿಯ ಆರಂಭದಲ್ಲಿ, ತೆಗೆದುಹಾಕಲಾಯಿತು. ನಾವು ಬಂದ ಆರನೆಯ ವಾರ ನಮ್ಮ ಎರಡು ವರ್ಷದ ಮಗನಿಗೆ ಜ್ವರ ಏರಿತು. ಉಸಿರಾಟದಲ್ಲಿ ಗೊರಗೊರ ಸದ್ದು. ಕೈಯಲ್ಲಿದ್ದ ಹಣ ಮುಂದಿನ ತಿಂಗಳ ಬಾಡಿಗೆಯದು. ನಾನೂ ನನ್ನ ಹೆಂಡತಿಯೂ ಒಂದು ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕುತ್ತ, ಆಸ್ಪತ್ರೆಗೆ ಹೋಗುವುದೋ ಬೆಳಗಿನವರೆಗೆ ನೋಡುವುದೋ ಎಂದು ಲೆಕ್ಕ ಹಾಕುತ್ತ ಕುಳಿತೆವು. ಬೆಳಗಿನ ಜಾವ ಹೊರಟೆವು. ನ್ಯುಮೋನಿಯಾ ಎಂದರು. ಮಗ ಉಳಿದು ಬೆಳೆದು ದೊಡ್ಡವನಾಗಿದ್ದಾನೆ. ಆದರೆ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬಾಡಿಗೆಯ ಲೆಕ್ಕ ಹಾಕಿದ ಆ ರಾತ್ರಿಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ. ಹಲ್ಲುನೋವಿನ ಮಗುವಿನ ತಂದೆಯನ್ನು ದೂರುವ ಅರ್ಹತೆ ನನಗಿಲ್ಲವೆಂದದ್ದು ಇದಕ್ಕಾಗಿಯೇ.

ಹೆಲ್ತ್ ಕಾರ್ಡು ಮುಟ್ಟದ ಜಾಗಗಳು

ಹೆಲ್ತ್ ಕಾರ್ಡು ಇದ್ದಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ವೈದ್ಯರು ನೋಡುವುದು ಉಚಿತ. ಅವರು ಬರೆದುಕೊಟ್ಟ ಔಷಧಿಗೆ ಓಹಿಪ್ ಹಣ ಕೊಡುತ್ತಿರಲಿಲ್ಲ. ಮಕ್ಕಳ ಕಣ್ಣಿನ ವಾರ್ಷಿಕ ತಪಾಸಣೆ ಉಚಿತ; ಕನ್ನಡಕ ಉಚಿತವಲ್ಲ. ಹಲ್ಲಂತೂ ದೇಹದ ಭಾಗವೇ ಅಲ್ಲವೆಂಬಂತೆ ಹೊರಗುಳಿಯಿತು. ಇದು ಯಾರಿಗೂ ಹೊಳೆಯದೆ ಉಳಿದ ಲೋಪವಲ್ಲ. ನ್ಯಾಯಮೂರ್ತಿ ಎಮೆಟ್ ಹಾಲ್ ಅವರ ನೇತೃತ್ವದ ರಾಜ ಆಯೋಗವು 1964ರಲ್ಲಿಯೇ ಮಕ್ಕಳ ಹಲ್ಲು ಮತ್ತು ಕಣ್ಣುಗಳ ಆರೈಕೆಯೂ, ಔಷಧಿಗಳೂ ಸಾರ್ವಜನಿಕ ವಿಮೆಯಲ್ಲಿ ಸೇರಬೇಕೆಂದು ಶಿಫಾರಸು ಮಾಡಿತ್ತು. ದೇಶಕ್ಕೆಲ್ಲ ಅನ್ವಯಿಸುವ ದಂತ ಯೋಜನೆಯೊಂದು ಹದಿನೆಂಟರೊಳಗಿನ ಮಕ್ಕಳಿಗೆ ತೆರೆದದ್ದು 2024ರ ಜೂನ್‌ನಲ್ಲಿ. ನಡುವೆ ಅರವತ್ತು ವರ್ಷ ಸಂದುಹೋದವು.

ಈಗಿರುವ ವ್ಯವಸ್ಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂಟಾರಿಯೊದ ಪ್ರತಿನಿಧಿಗಳು ದಯವಿಟ್ಟು ನೆನಪಿನಲ್ಲಿಡಬೇಕು. ಮೊದಲನೆಯದು, 2018ರ ಜನವರಿಯಲ್ಲಿ ಆರಂಭವಾದ ಓಹಿಪ್ ಪ್ಲಸ್. ಇಪ್ಪತ್ತನಾಲ್ಕು ವರ್ಷ ಮೀರದ, ಖಾಸಗಿ ವಿಮೆಯಿಲ್ಲದ ಯಾರಿಗೇ ಆಗಲಿ, ಪಟ್ಟಿಯಲ್ಲಿರುವ ಸಾವಿರಾರು ಔಷಧಿಗಳು ಉಚಿತ. ಇದಕ್ಕೆ ಅರ್ಜಿಯೇ ಬೇಡ. ಔಷಧಿ ಅಂಗಡಿಯಲ್ಲಿ ಹೆಲ್ತ್ ಕಾರ್ಡು ತೋರಿಸಿದರೆ ಸಾಕು. ಎರಡನೆಯದು, ಹೆಲ್ದಿ ಸ್ಮೈಲ್ಸ್ ಒಂಟಾರಿಯೊ. ಹದಿನೇಳು ವರ್ಷದವರೆಗಿನ, ಕಡಿಮೆ ವರಮಾನದ ಕುಟುಂಬಗಳ ಮಕ್ಕಳಿಗೆ ತಪಾಸಣೆ, ಶುಚಿಗೊಳಿಸುವಿಕೆ, ಹಲ್ಲು ತುಂಬುವಿಕೆ, ತುರ್ತು ಚಿಕಿತ್ಸೆ ಎಲ್ಲವೂ ಇದರಲ್ಲಿ ಸೇರಿವೆ. ಮೂರನೆಯದು, ಕೇಂದ್ರ ಸರ್ಕಾರದ ಕೆನಡಿಯನ್ ಡೆಂಟಲ್ ಕೇರ್ ಪ್ಲ್ಯಾನ್. ಕುಟುಂಬದ ನಿವ್ವಳ ವರಮಾನ 90,000 ಡಾಲರಿಗಿಂತ ಕಡಿಮೆಯಿದ್ದು, ಖಾಸಗಿ ದಂತವಿಮೆ ದೊರೆಯುವ ಅವಕಾಶವಿಲ್ಲದವರು ಇದಕ್ಕೆ ಅರ್ಹರು. 70,000 ಡಾಲರಿನೊಳಗಿನವರಿಗೆ ಯೋಜನೆಯ ದರದಲ್ಲಿ ಪಾಲು ಕೊಡುವ ಹೊರೆಯಿಲ್ಲ. ಅದಕ್ಕೆ ಮೇಲ್ಪಟ್ಟವರು ಶೇಕಡಾ 40 ಇಲ್ಲವೆ 60 ಭಾಗ ತಾವೇ ಭರಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಕೇಂದ್ರದ ಯೋಜನೆಗೆ ಅರ್ಹತೆ ನಿರ್ಧಾರವಾಗುವುದು ಆದಾಯ ತೆರಿಗೆಯ ವಿವರಪತ್ರದಿಂದ. "ನನ್ನ ವರಮಾನಕ್ಕೆ ತೆರಿಗೆಯೇ ಬೀಳುವುದಿಲ್ಲ, ಮತ್ತೇಕೆ ಟ್ಯಾಕ್ಸ್ ಫೈಲ್ ಮಾಡಬೇಕು?" ಎಂದು ಸುಮ್ಮನಿರುವವನು ತನಗೆ ಅರಿವಿಲ್ಲದೆಯೇ ಮಗುವಿನ ದಂತವಿಮೆಯ ಬಾಗಿಲನ್ನೂ, ಪ್ರತಿ ತಿಂಗಳು ಬರಬೇಕಾದ ಮಕ್ಕಳ ಭತ್ಯದ ಬಾಗಿಲನ್ನೂ ಮುಚ್ಚಿಕೊಳ್ಳುತ್ತಾನೆ. ಆ ಹುಡುಗಿಯ ತಂದೆಯ ಮನೆಯಲ್ಲಿ ಆದದ್ದೂ ಇದೇ. ಒಮ್ಮೆ ಸೇರಿದರೂ ಸಾಲದು. ಪ್ರತಿ ವರ್ಷವೂ ನವೀಕರಿಸಬೇಕು. ಬಡತನದ ಜೊತೆಗೆ ಕಾಗದಪತ್ರದ ತೊಡಕೂ ಸೇರಿದಾಗ ಸೋಲುವುದು ಮಗು.

ಮರ್ಯಾದೆ ಮತ್ತು ಭಯ

ತಿಳಿವಳಿಕೆಯ ಕೊರತೆಯನ್ನು ಒಂದು ಕರಪತ್ರದಿಂದ ನೀಗಿಸಬಹುದು. ಮರ್ಯಾದೆಯ ಪ್ರಶ್ನೆ ಅದಕ್ಕಿಂತ ಗಟ್ಟಿ. ಹಂಗಿನ ಅನ್ನ ತಿನ್ನಬಾರದೆಂಬ ಸಂಸ್ಕಾರ ನಮ್ಮದು. ಅದರ ಬಗ್ಗೆ ನನಗೂ ಗೌರವವಿದೆ. ಆದರೆ ವಿಮೆ ಹಂಗಿನ ಅನ್ನವೇ? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇದ್ದುದನ್ನು ಹಿರಿಯರು ಬಲ್ಲರು. ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ಮುಯ್ಯಿ ಪಡೆದವನನ್ನು ಯಾರೂ ಭಿಕ್ಷುಕನೆನ್ನಲಿಲ್ಲ. ಮುಯ್ಯಿ ತೀರಿಸದವನನ್ನು ಮಾತ್ರ ಊರು ಆಡಿಕೊಂಡಿತು. ಸಾರ್ವಜನಿಕ ವಿಮೆ ಅದೇ ಮುಯ್ಯಿಯ ದೊಡ್ಡ ರೂಪ. ಆ ತಂದೆ ಕೊಳ್ಳುವ ಬಹುಪಾಲು ಸಾಮಾನಿನ ಮೇಲೆ ಶೇಕಡಾ 13 ತೆರಿಗೆ ಕೊಡುತ್ತಾರೆ. ಅವರ ದುಡಿಮೆಯಿಂದ ಉಗ್ರಾಣ ನಡೆಯುತ್ತದೆ, ಅಂಗಡಿಗಳಿಗೆ ಸರಕು ತಲುಪುತ್ತದೆ. ಮಗು ನಾಳೆ ಬೆಳೆದು ಇದೇ ನಾಡಿನಲ್ಲಿ ದುಡಿದು ತೆರಿಗೆ ಕಟ್ಟುತ್ತದೆ. ಇದರಲ್ಲಿ ಕೈಯೊಡ್ಡುವುದು ಎಲ್ಲಿಂದ ಬಂತು?

ತವರಿನಲ್ಲಿ ಇದನ್ನು ನಮ್ಮ ರೈತರು ನಮಗಿಂತ ಮೊದಲೇ ಅರಿತರು. 2003ರಲ್ಲಿ ಕರ್ನಾಟಕದಲ್ಲಿ ಯಶಸ್ವಿನಿ ಯೋಜನೆ ಆರಂಭವಾದಾಗ ಸಹಕಾರ ಸಂಘಗಳ ಸದಸ್ಯರು ತಲೆಗೆ ತಿಂಗಳಿಗೆ ಐದು ರೂಪಾಯಿಯಂತೆ, ವರ್ಷಕ್ಕೆ 60 ರೂಪಾಯಿ ಕಟ್ಟಿದರು. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡ ಆ ಯೋಜನೆಗೆ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹೃದಯದ ಶಸ್ತ್ರಚಿಕಿತ್ಸೆಯಂಥ ದುಬಾರಿ ಚಿಕಿತ್ಸೆಯೂ ರೈತನ ಮಗುವಿಗೆ ಎಟುಕುವಂತಾಯಿತು. 2018ರಲ್ಲಿ ನಿಂತುಹೋದ ಆ ಯೋಜನೆಯನ್ನು 2022ರಲ್ಲಿ ಮತ್ತೆ ತರಲಾಯಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಊರಿನಲ್ಲಿರುವ ನಮ್ಮ ಅಣ್ಣತಮ್ಮಂದಿರು ಈ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಲೆಯೆತ್ತಿ ಓಡಾಡುತ್ತಾರೆ. ಸಾಗರ ದಾಟಿದ ಮಾತ್ರಕ್ಕೆ ನಮಗೆ ಅದೇ ಕಾರ್ಡು ಅವಮಾನದ ಗುರುತಾಗಬೇಕೇ?

ಇನ್ನು ಭಯದ ಮಾತು. ಸರ್ಕಾರದ ನೆರವು ಪಡೆದರೆ ವಲಸೆಯ ಅರ್ಜಿಗೆ ಕುತ್ತು ಬರುತ್ತದೆಂಬ ಗಾಳಿಮಾತು ನಮ್ಮವರಲ್ಲಿ ಬೇಗ ಹರಡುತ್ತದೆ. ಅಮೆರಿಕದಲ್ಲಿ ಇದರ ಪರಿಣಾಮವನ್ನು ಕಣ್ಣಾರೆ ಕಂಡಿದ್ದೇವೆ. 2019ರಲ್ಲಿ ಪ್ರಕಟವಾಗಿ 2020ರ ಫೆಬ್ರವರಿಯಲ್ಲಿ ಜಾರಿಗೆ ಬಂದು, 2021ರ ಮಾರ್ಚ್‌ನಲ್ಲಿ ರದ್ದಾದ ನಿಯಮವೊಂದು, ಗ್ರೀನ್ ಕಾರ್ಡಿನ ಅರ್ಜಿದಾರರು ಪಡೆದ ಸರ್ಕಾರಿ ನೆರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಆ ನಿಯಮದಲ್ಲಿಯೂ ಮಕ್ಕಳು ಪಡೆಯುವ ಮೆಡಿಕೇಡ್ ಹಾಗೂ ಮಕ್ಕಳ ವಿಮೆಗೆ ವಿನಾಯಿತಿಯಿತ್ತು. ಆದರೂ ಹೆದರಿದ ಕುಟುಂಬಗಳು ಮಕ್ಕಳ ಹೆಸರನ್ನೂ ಹಿಂತೆಗೆದವು. ಇಂಥ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ, ನಿಜ. ಅನುಮಾನವಿದ್ದವರು ವಲಸೆ ಕಾನೂನು ಬಲ್ಲ ವಕೀಲರನ್ನೋ ಸಮುದಾಯದ ಕಾನೂನು ನೆರವು ಕೇಂದ್ರವನ್ನೋ ಕೇಳಬೇಕು. ಊಟದ ಸಾಲಿನಲ್ಲಿ ಕೇಳಿದ ಮಾತನ್ನು ನಂಬಿ ಮಗುವಿನ ಚಿಕಿತ್ಸೆ ನಿಲ್ಲಿಸಬಾರದು.

ಗಡಿಯಾಚೆಯ ಪಾಠ

ಅಮೆರಿಕದಿಂದ ಬಂದಿರುವ ಪ್ರತಿನಿಧಿಗಳಿಗೆ ಇದು ಕೆನಡಾದ ವಿಷಯವೆನಿಸಬಾರದು. ಅಲ್ಲಿ 1965ರಲ್ಲಿ ಬಡವರಿಗಾಗಿ ಮೆಡಿಕೇಡ್ ಬಂತು. ಮೆಡಿಕೇಡ್‌ಗೆ ವರಮಾನ ಹೆಚ್ಚಾಯಿತು, ಖಾಸಗಿ ವಿಮೆ ಕೊಳ್ಳಲು ಸಾಲದು ಎಂಬ ನಡುವಿನ ಕುಟುಂಬಗಳ ಮಕ್ಕಳಿಗಾಗಿ 1997ರಲ್ಲಿ ಮಕ್ಕಳ ಆರೋಗ್ಯ ವಿಮಾ ಯೋಜನೆ ಹುಟ್ಟಿತು. ಎದುರಾಳಿ ಪಕ್ಷಗಳ ಸೆನೆಟರುಗಳಾದ ಎಡ್ವರ್ಡ್ ಕೆನೆಡಿ ಮತ್ತು ಓರಿನ್ ಹ್ಯಾಚ್ ಇದಕ್ಕಾಗಿ ಕೈಜೋಡಿಸಿದರು. ಈ ಯೋಜನೆಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ಹೆಸರು: ನ್ಯೂಯಾರ್ಕಿನಲ್ಲಿ ಚೈಲ್ಡ್ ಹೆಲ್ತ್ ಪ್ಲಸ್, ನ್ಯೂಜೆರ್ಸಿಯಲ್ಲಿ ಫ್ಯಾಮಿಲಿಕೇರ್, ಜಾರ್ಜಿಯದಲ್ಲಿ ಪೀಚ್‌ಕೇರ್. ಕೆಲಸ ಹೋದಾಗ ಕಂಪನಿಯ ವಿಮೆಯೂ ಹೋಗುವ ಆ ದೇಶದಲ್ಲಿ, ಇಂದು ಒಳ್ಳೆಯ ಸಂಬಳ ತರುವ ಮನೆಗೂ ನಾಳೆ ಇದರ ಅಗತ್ಯ ಬೀಳಬಹುದು. ವರ್ಷದ ಯಾವ ತಿಂಗಳಿನಲ್ಲಾದರೂ ಇದಕ್ಕೆ ಅರ್ಜಿ ಹಾಕಬಹುದೆಂಬುದು ಎಷ್ಟು ಜನಕ್ಕೆ ಗೊತ್ತು?

ಹಲ್ಲುನೋವನ್ನು ಸಣ್ಣ ವಿಷಯವೆನ್ನುವವರು ಮೇರಿಲೆಂಡ್ ರಾಜ್ಯದ ಹನ್ನೆರಡು ವರ್ಷದ ಬಾಲಕನ ಕಥೆಯನ್ನು ಕೇಳಬೇಕು. 2007ರ ಫೆಬ್ರವರಿಯಲ್ಲಿ ಆ ಹುಡುಗ, ಹುಳುಕು ಹಲ್ಲಿನ ಸೋಂಕು ಮಿದುಳಿಗೆ ಏರಿ ತೀರಿಕೊಂಡ. ಅವನ ಕುಟುಂಬದ ಮೆಡಿಕೇಡ್ ನಡುವೆ ಕಡಿದುಹೋಗಿತ್ತು. ಸುಮಾರು 80 ಡಾಲರಿನಲ್ಲಿ ಹಲ್ಲು ಕೀಳಿಸಿದ್ದರೆ ಮುಗಿಯಬಹುದಾಗಿದ್ದ ತೊಂದರೆ, ಎರಡು ಬಾರಿ ಮಿದುಳಿನ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ, ಎರಡೂವರೆ ಲಕ್ಷ ಡಾಲರಿನ ವೆಚ್ಚ ಎಲ್ಲವನ್ನೂ ದಾಟಿ ಸಾವಿನಲ್ಲಿ ಮುಗಿಯಿತು. ಎರಡು ವರ್ಷಗಳ ನಂತರ, 2009ರಲ್ಲಿ, ಮಕ್ಕಳ ವಿಮೆಯ ಕಾಯಿದೆಯನ್ನು ನವೀಕರಿಸುವಾಗ ದಂತಚಿಕಿತ್ಸೆಯನ್ನು ಕಡ್ಡಾಯವಾಗಿ ಸೇರಿಸಲಾಯಿತು. ಅದೇ ಕಾಯಿದೆ, ಕಾನೂನುಬದ್ಧವಾಗಿ ನೆಲೆಸಿರುವ ವಲಸಿಗರ ಮಕ್ಕಳನ್ನು ಐದು ವರ್ಷ ಕಾಯಿಸದೆ ಸೇರಿಸಿಕೊಳ್ಳುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿತು. ನಿಮ್ಮ ರಾಜ್ಯ ಆ ಅವಕಾಶವನ್ನು ಬಳಸಿಕೊಂಡಿದೆಯೇ ಎಂದು ವಿಚಾರಿಸಿ.

ಆಕ್ಷೇಪಗಳಿಗೆ ಸಮಾಧಾನ

"ಸಂಘ ಇರುವುದು ಭಾಷೆ, ಸಂಸ್ಕೃತಿಗಾಗಿ, ಇದು ನಮ್ಮ ಕೆಲಸವಲ್ಲ" ಎಂದು ಕೆಲವರು ಹೇಳಿಯಾರು. ವುಡ್‌ಬ್ರಿಡ್ಜ್‌ನ ನನ್ನ ನೆರೆಯವರಲ್ಲಿ ಬಹಳ ಮಂದಿ ಇಟಲಿಯ ಮೂಲದವರು. ಅವರ ಹಿರಿಯರು ಯುದ್ಧಾನಂತರ ಬಂದು ಟೊರಾಂಟೊದ ಕಟ್ಟಡಗಳಿಗೂ ಸುರಂಗಗಳಿಗೂ ಬೆವರು ಸುರಿಸಿದವರು. ಅವರು ಹಾಡು, ಹಬ್ಬ, ಊಟಗಳ ಸಂಘಗಳನ್ನು ಕಟ್ಟಿದ ಹಾಗೆಯೇ, ಹೊಸಬರಿಗೆ ಉದ್ಯೋಗ, ಭಾಷೆ, ಸರ್ಕಾರಿ ಸೌಲಭ್ಯಗಳಿಗೆ ದಾರಿ ತೋರುವ ಕಾಸ್ಟಿ ಎಂಬ ಸಂಸ್ಥೆಯನ್ನೂ 1960ರ ದಶಕದಲ್ಲಿ ಕಟ್ಟಿದರು. ಅದು ಇಂದು ಎಲ್ಲ ದೇಶಗಳಿಂದ ಬಂದವರಿಗೂ ನೆರವಾಗುತ್ತಿದೆ. ಸೇವೆಯಿಂದ ಅವರ ಸಂಸ್ಕೃತಿ ಬಡವಾಗಲಿಲ್ಲ. ದಾಸೋಹದ ಪರಂಪರೆಯುಳ್ಳ ನಮಗೆ ಇದನ್ನು ಇನ್ನೊಬ್ಬರಿಂದ ಕಲಿಯುವ ಪ್ರಮೇಯವೂ ಬರಬಾರದಿತ್ತು.

"ತೆರಿಗೆ ಕಟ್ಟುವವರು ನಾವು, ಪಡೆಯುವವರು ಬೇರೆ" ಎಂಬ ಗೊಣಗಾಟವನ್ನೂ ಕೇಳಿದ್ದೇನೆ. ಅದಕ್ಕೆ ಮೇರಿಲೆಂಡಿನ ಲೆಕ್ಕವೇ ಉತ್ತರ: 80 ಡಾಲರನ್ನು ಉಳಿಸಲು ಹೋದ ಸಮಾಜ ಎರಡೂವರೆ ಲಕ್ಷವನ್ನೂ ಒಂದು ಜೀವವನ್ನೂ ತೆತ್ತಿತು. ಇನ್ನು, ಸಾರ್ವಜನಿಕ ಯೋಜನೆಗಳು ಕುಂದಿಲ್ಲದವೆಂದು ನಾನು ಹೇಳುತ್ತಿಲ್ಲ. ಈ ಯೋಜನೆಗಳ ದರಕ್ಕೆ ಒಪ್ಪದ ದಂತವೈದ್ಯರಿದ್ದಾರೆ. ದರದ ಅಂತರವನ್ನು ರೋಗಿಯಿಂದ ಕೇಳುವುದೂ ಉಂಟು. ಕೊಟ್ಟ ಸೌಲಭ್ಯವನ್ನು ಹಿಂತೆಗೆದದ್ದೂ ಉಂಟು. ಸಸ್ಕಾಚೆವಾನ್‌ನಲ್ಲಿ 1974ರಿಂದ ಶಾಲೆಗಳಲ್ಲಿಯೇ ಮಕ್ಕಳ ಹಲ್ಲಿಗೆ ಚಿಕಿತ್ಸೆ ನೀಡುತ್ತಿದ್ದ ಒಳ್ಳೆಯ ಯೋಜನೆಯನ್ನು 1987ರಲ್ಲಿ ಮುಚ್ಚಲಾಯಿತು. ಆದ್ದರಿಂದ ಇವುಗಳನ್ನು ಬಳಸುವುದಷ್ಟೇ ಅಲ್ಲ, ಉಳಿಸಿಕೊಳ್ಳಲು ದನಿಯೆತ್ತುವುದೂ ನಮ್ಮ ಕರ್ತವ್ಯ. ನಮಗೆ ಇದರ ಅಗತ್ಯವೇ ಇಲ್ಲವೆಂದು ತೋರಿಸಿಕೊಳ್ಳುತ್ತ ಕುಳಿತರೆ ಆ ದನಿಗೆ ಬಲ ಬರುವುದಾದರೂ ಎಲ್ಲಿಂದ?

ಏನು ಮಾಡಬಹುದು?

ಯುಗಾದಿಯ ಕಾಲವೇ ಈ ಎರಡೂ ದೇಶಗಳಲ್ಲಿ ತೆರಿಗೆಯ ಕಾಲವೂ ಹೌದು. ಅಮೆರಿಕದಲ್ಲಿ ಏಪ್ರಿಲ್ 15, ಕೆನಡಾದಲ್ಲಿ ಏಪ್ರಿಲ್ 30 ಕಡೆಯ ದಿನ. ಪ್ರತಿಯೊಂದು ಕನ್ನಡ ಸಂಘವೂ ಯುಗಾದಿಯ ಕಾರ್ಯಕ್ರಮದಲ್ಲಿ ಒಂದು ಮೇಜು ಹಾಕಿ, ನಮ್ಮಲ್ಲಿರುವ ಲೆಕ್ಕಪರಿಶೋಧಕರನ್ನು ಅಲ್ಲಿ ಕೂರಿಸಲಿ. ಕಡಿಮೆ ವರಮಾನದವರ ವಿವರಪತ್ರವನ್ನು ಉಚಿತವಾಗಿ ತುಂಬಿಕೊಡಲು ಸ್ವಯಂಸೇವಕರಿಗೆ ಕೆನಡಾದ ಕಂದಾಯ ಇಲಾಖೆಯೇ ತರಬೇತಿ ನೀಡುತ್ತದೆ. ಎರಡನೆಯದಾಗಿ, ತಮ್ಮ ಪ್ರಾಂತದಲ್ಲಿ ಅಥವಾ ರಾಜ್ಯದಲ್ಲಿ ಮಕ್ಕಳಿಗೆ ಯಾವ ವಿಮೆಯಿದೆ, ಯಾರು ಅರ್ಹರು, ಯಾರಿಗೆ ದೂರವಾಣಿ ಮಾಡಬೇಕು ಎಂಬುದನ್ನು ತಿಳಿಗನ್ನಡದ ಒಂದೇ ಹಾಳೆಯಲ್ಲಿ ಅಚ್ಚುಮಾಡಿಸಲಿ. ಅದನ್ನು ಬಡವರಿಗೆ ಮಾತ್ರವಲ್ಲದೆ ಎಲ್ಲರ ಕೈಗೂ ಕೊಡಲಿ. ಎಲ್ಲರಿಗೂ ಕೊಟ್ಟಾಗ ಪಡೆಯಲು ಯಾರಿಗೂ ಸಂಕೋಚವಾಗದು. ಮೂರನೆಯದಾಗಿ, ಕನ್ನಡ ಶಾಲೆಯ ಶಿಕ್ಷಕರು ಮಕ್ಕಳ ಕಾಗುಣಿತದ ಜೊತೆಗೆ ಮಕ್ಕಳ ಮುಖವನ್ನೂ ಗಮನಿಸಲಿ. ಕಂಡದ್ದನ್ನು ಗುಟ್ಟಾಗಿರಿಸಿ ಒಬ್ಬರ ಮೂಲಕ ನೆರವು ಒದಗಿಸಲಿ. ಕಡೆಯದಾಗಿ, ನಮ್ಮ ನಡುವಿನ ದಂತವೈದ್ಯರಲ್ಲಿ ಒಂದು ಪ್ರಾರ್ಥನೆ: ಈ ಯೋಜನೆಗಳ ರೋಗಿಗಳನ್ನು ದಯವಿಟ್ಟು ಹಿಂದಕ್ಕೆ ಕಳುಹಿಸಬೇಡಿ.

ಆ ತಂದೆಯನ್ನು ಒಪ್ಪಿಸಿದ್ದು ನನ್ನ ವಾದವಲ್ಲ. ಮುಯ್ಯಾಳಿನ ಮಾತು ಬಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ತಮ್ಮ ಅಪ್ಪ ಊರಿನಲ್ಲಿ ಹಾಗೆ ಹೋಗುತ್ತಿದ್ದರೆಂದರು. ಮರುದಿನ ದೇವರ ಪಟದ ಕೆಳಗಿನ ಚೀಟಿ ಹೊರಬಂತು. ಅದರಲ್ಲಿದ್ದ ದೂರವಾಣಿ ಸಂಖ್ಯೆಗೆ ತಾಯಿಯೇ ಕರೆ ಮಾಡಿದರು. ಕೆಲವೇ ದಿನಗಳಲ್ಲಿ ಹಲ್ಲು ಕೀಳಲಾಯಿತು, ಉಳಿದೆರಡಕ್ಕೂ ಚಿಕಿತ್ಸೆಯಾಯಿತು. ಮನೆಯವರು ಒಂದು ಡಾಲರನ್ನೂ ತೆರಬೇಕಾಗಲಿಲ್ಲ. ಹಿಂದಿನ ವರ್ಷದ ತೆರಿಗೆಯ ವಿವರಪತ್ರವನ್ನೂ ಆ ತಿಂಗಳೇ ಕಳುಹಿಸಿದೆವು. ಮುಂದಿನ ನವೆಂಬರಿನ ರಾಜ್ಯೋತ್ಸವದಲ್ಲಿ ಆ ಹುಡುಗಿ ಹಚ್ಚೇವುಗೆ ಧ್ವನಿ ಸೇರಿಸಲು ವೇದಿಕೆ ಹತ್ತಿದ್ದಳು. ಕೆಳಗಿಳಿದ ಮೇಲೆ ಚಕ್ಕುಲಿಯನ್ನು ಕಟಕಟನೆ ಕಡಿಯುತ್ತಿದ್ದಳು. ತಂದೆ ಈಗ ನಮ್ಮ ಯುಗಾದಿಯ ಮೇಜಿನಲ್ಲಿ ಕುಳಿತು ಹೊಸಬರ ಅರ್ಜಿ ತುಂಬಲು ನೆರವಾಗುತ್ತಾರೆ. ಮುಯ್ಯಿ ತೀರಿಸುತ್ತಿದ್ದೇನೆಂದು ಅವರ ಮಾತು.

ಐದು ತಿಂಗಳ ನೋವನ್ನು ಮಾತ್ರ ಯಾವ ಯೋಜನೆಯೂ ಆ ಮಗುವಿಗೆ ಹಿಂದಿರುಗಿಸಲಾರದು. ಮುಂದಿನ ಸಮ್ಮೇಳನಕ್ಕೆ ಸೇರುವಷ್ಟರಲ್ಲಿ, ನಮ್ಮ ಯಾವ ಊರಿನ ಸಂಘದಲ್ಲಿಯೂ ಇಂಥ ಇನ್ನೊಂದು ಮಗು ಕೆನ್ನೆಗೆ ಕೈಯೊತ್ತಿ ಹಬ್ಬದ ಊಟಕ್ಕೆ ಕುಳಿತಿರದಂತೆ ನೋಡಿಕೊಳ್ಳುವ ಸಂಕಲ್ಪವನ್ನು ಈ ಸಮ್ಮೇಳನದಲ್ಲಿ ಕೈಗೊಳ್ಳೋಣವೆಂದು ಎಲ್ಲ ಕನ್ನಡ ಬಂಧುಗಳಲ್ಲಿ ವಿನಂತಿಸಿಕೊಳ್ಳುತ್ತೇನೆ.